ಲೈನ್ ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳುವವರ ಹೊಣೆ

ಪ್ರಶ್ನೆ: ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ನನ್ನ ಮಗಳಿಗೆ ವಿದೇಶಿ ಕನ್ಸಲ್ಟೆನ್ಸಿಯೊಂದರಲ್ಲಿ ಕೆಲಸ ಸಿಕ್ಕಿದೆ. ಹಿಂದುಳಿದ ದೇಶಗಳಿಗೆ ವಿದ್ಯುತ್ ಪ್ರಸರಣ ಜಾಲ ವಿಸ್ತರಿಸಲು ಸಲಹೆ ಕೊಡುವುದಂತೆ. ಅಲ್ಲಿನ ಎಂಜಿನಿಯರುಗಳಿಗೆ ತಿಳಿಯದ್ದು ಹೊರಗಿನವರಿಗೆ ಏನು ತಿಳಿದೀತು? ವರದಿ ಬರೆದುಕೊಟ್ಟು ಬರುವುದಷ್ಟೇ ಕೆಲಸವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವರದಿ ಬರೆಯುವುದೇ ಮುಖ್ಯ ಕೆಲಸ, ನಿಜ. ಆದರೆ ಆ ವರದಿಯ ತೂಕ ಎಷ್ಟೆಂದು ತಿಳಿಯಲು ಅಫ್ಗಾನಿಸ್ತಾನವನ್ನು ನೋಡಬೇಕು.

ಆ ದೇಶ ತನ್ನ ವಿದ್ಯುತ್ತಿನ ಬಹುಪಾಲನ್ನು ಉಜ್ಬೇಕಿಸ್ತಾನ, ತಾಜಿಕಿಸ್ತಾನ, ತುರ್ಕ್‌ಮೆನಿಸ್ತಾನ ಮತ್ತು ಇರಾನಿನಿಂದ ಕೊಳ್ಳುತ್ತದೆ. ಈ ದೇಶಗಳ ಗ್ರಿಡ್‌ಗಳು ಒಂದಕ್ಕೊಂದು ತಾಳೆಯಾಗಿ ಓಡದಿದ್ದರೆ ಎರಡು ಕಡೆಯ ಕರೆಂಟನ್ನು ನೇರವಾಗಿ ಒಂದೇ ತಂತಿಗೆ ಸೇರಿಸಲಾಗದು. ಹಾಗಾಗಿ ಅಫ್ಗಾನ್ ಜಾಲ ಒಂದೇ ದೇಶದೊಳಗೆ ಬೇರೆಬೇರೆ ತುಂಡುಗಳಾಗಿ ನಡೆಯಬೇಕಾಯಿತು. ತುಂಡುಗಳನ್ನು ಜೋಡಿಸಬೇಕೆಂದರೆ ಎಸಿಯನ್ನು (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು) ಡಿಸಿಗೆ (ಒಂದೇ ದಿಕ್ಕಿಗೆ ಹರಿಯುವ ಕರೆಂಟು), ಮತ್ತೆ ಎಸಿಗೆ ತಿರುಗಿಸುವ ಪರಿವರ್ತಕ ಕೇಂದ್ರ ಬೇಕು. ಅದು ದುಬಾರಿ. ಎಲ್ಲಿ, ಎಷ್ಟು ಸಾಮರ್ಥ್ಯದ್ದನ್ನು ಹಾಕಬೇಕು ಎಂಬ ಲೆಕ್ಕಕ್ಕೆ ಹಲವು ಕಡೆ ಇಂಥ ಕೆಲಸ ಮಾಡಿದ ಕೈ ಬೇಕಾಗುತ್ತದೆ. ಸ್ಥಳೀಯ ಎಂಜಿನಿಯರುಗಳು ದಡ್ಡರೆಂದಲ್ಲ; ದಶಕಗಳ ಯುದ್ಧದಲ್ಲಿ ಅವರಿಗೆ ಆ ಅನುಭವ ದಕ್ಕಲೇ ಇಲ್ಲ.

ನಮ್ಮ ಪವರ್‌ಗ್ರಿಡ್ ಸಂಸ್ಥೆಯೂ ಅಲ್ಲಿ ದುಡಿದಿದೆ. ಉತ್ತರದ ಪುಲ್-ಎ-ಖುಮ್ರಿ ಪಟ್ಟಣದಿಂದ ರಾಜಧಾನಿ ಕಾಬೂಲಿಗೆ 202 ಕಿಲೋಮೀಟರಿನ 220 ಕಿಲೋವೋಲ್ಟ್ ಲೈನನ್ನು ಹಿಂದೂಕುಶ್ ಪರ್ವತದ ಸಾಲಂಗ್ ಕಣಿವೆಮಾರ್ಗದ ಮೇಲಿಂದ ಎಳೆದದ್ದು ಅದೇ. 2009ರಲ್ಲಿ ಉಜ್ಬೇಕ್ ವಿದ್ಯುತ್ತು ಕಾಬೂಲ್ ಮುಟ್ಟಿತು. ಸಾಮಾನ್ಯ ಸಬ್‌ಸ್ಟೇಷನ್ ಉಪಕರಣಗಳನ್ನು 1,000 ಮೀಟರ್ ಎತ್ತರದವರೆಗಿನ ಬಳಕೆಗೆಂದು ರೂಪಿಸಿರುತ್ತಾರೆ. ಸಾಲಂಗ್ 3,000 ಮೀಟರಿಗೂ ಮೇಲೆ. ಅಲ್ಲಿ ಗಾಳಿ ತೆಳು, ಅದರ ನಿರೋಧಕ ಶಕ್ತಿಯೂ ಕಡಿಮೆ. ಹಾಗಾಗಿ ತಂತಿಗೂ ಟವರಿನ ಉಕ್ಕಿಗೂ ನಡುವಿನ ಅಂತರ ಹೆಚ್ಚಿಸಬೇಕು, ಇನ್ಸುಲೇಟರ್ ಸರ ಉದ್ದವಾಗಬೇಕು. ತಂತಿಯ ಮೇಲೆ ಕಟ್ಟುವ ಹಿಮದ ಭಾರ, ಹಿಮರಾಶಿ ಕುಸಿದು ಜಾರುವ ಇಳಿಜಾರು ಎಲ್ಲವನ್ನೂ ಲೆಕ್ಕ ಹಿಡಿದೇ ಒಂದೊಂದು ಟವರಿನ ಜಾಗ ಗುರುತಿಸಬೇಕು.

ಇಷ್ಟು ಎಂಜಿನಿಯರಿಂಗ್. ಕಷ್ಟವಿರುವುದು ಮುಂದೆ. 2013ರಲ್ಲಿ ಜರ್ಮನಿಯ ಕನ್ಸಲ್ಟೆನ್ಸಿ ಫಿಷ್ಟ್‌ನರ್ ಸಂಸ್ಥೆ ಆ ದೇಶಕ್ಕೆ ವಿದ್ಯುತ್ ಮಹಾಯೋಜನೆ ಸಿದ್ಧಪಡಿಸಿತು. ಕಾಬೂಲಿಗೆ ಬರುವ ಹೊಸ 500 ಕಿಲೋವೋಲ್ಟ್ ಲೈನು ದೇಶದ ನಡುಭಾಗದ ಬಾಮಿಯಾನ್ ಪ್ರಾಂತ್ಯದ ಮೂಲಕ ಬರಲಿ ಎಂದಿತು: ಸಾಲಂಗ್ ಇಕ್ಕಟ್ಟು, ಅಲ್ಲಿ ಈಗಾಗಲೇ ಒಂದು ಲೈನ್ ಇದೆ, ಎರಡೂ ಒಂದೇ ಕಡೆ ಇದ್ದರೆ ಒಂದು ಅನಾಹುತಕ್ಕೆ ಎರಡೂ ಬೀಳಬಹುದು, ಬಾಮಿಯಾನ್ ದಾರಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬೇಕಾದ ಕಲ್ಲಿದ್ದಲೂ ಇದೆ. ಆದರೆ 2016ರ ಏಪ್ರಿಲ್‌ನಲ್ಲಿ ಸರ್ಕಾರ ಸಾಲಂಗನ್ನೇ ಆರಿಸಿತು. ಬೇಗ ಮುಗಿಯುತ್ತದೆ, ಅಗ್ಗ ಎಂಬುದು ಅದರ ವಾದ. ಬಾಮಿಯಾನಿನ ಹಜಾರಾ ಜನ, ಮೊದಲಿನಿಂದಲೂ ಬದಿಗೊತ್ತಲ್ಪಟ್ಟವರು, ಬೀದಿಗಿಳಿದರು. ಜುಲೈ 23ರಂದು ಕಾಬೂಲಿನಲ್ಲಿ ಅವರ ಮೆರವಣಿಗೆಯ ಮೇಲೆ ಐಸಿಸ್ ನಡೆಸಿದ ಬಾಂಬ್ ದಾಳಿಗೆ 80ಕ್ಕೂ ಹೆಚ್ಚು ಮಂದಿ ಬಲಿಯಾದರು.

ಕೊಂದದ್ದು ಭಯೋತ್ಪಾದಕರು, ಅದನ್ನು ಯಾವ ಎಂಜಿನಿಯರಿನ ತಲೆಗೂ ಕಟ್ಟಲಾಗದು. ಆದರೆ ಆ ಜನ ಕೇಳುತ್ತಿದ್ದದ್ದು ನ್ಯಾಯವಾದ ಮಾತು. ತಲೆಯ ಮೇಲೆ ಹೈಟೆನ್ಶನ್ ಲೈನ್ ಹಾದ ಮಾತ್ರಕ್ಕೆ ಮನೆಗೆ ದೀಪ ಬಾರದು, ಸಬ್‌ಸ್ಟೇಷನ್ ಬೇಕು. ಲೈನೇ ದೂರ ಹೋದರೆ ಸಬ್‌ಸ್ಟೇಷನ್ ಕೇಳುವುದಾದರೂ ಹೇಗೆ?

ನಿಮ್ಮ ಮಗಳು ಲೋಡ್-ಫ್ಲೋ ಸಾಫ್ಟ್‌ವೇರನ್ನು (ಜಾಲದಲ್ಲಿ ಎಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಲೆಕ್ಕ ಹಾಕುವಂಥದ್ದು) ಹೇಗೂ ಕಲಿಯುತ್ತಾರೆ. ಜತೆಗೆ, ಒಂದು ಮಾರ್ಗ ಬಿಟ್ಟು ಇನ್ನೊಂದನ್ನು ಏಕೆ ಆರಿಸಿದೆವು, ಬಿಟ್ಟ ಕಡೆಯವರಿಗೆ ಯಾವಾಗ ಏನು ಕೊಡುತ್ತೇವೆ ಎಂಬುದನ್ನು ವರದಿಯ ಅನುಬಂಧದಲ್ಲಿ ಹೂಳದೆ ಮೊದಲ ಪುಟಗಳಲ್ಲೇ, ಆ ಊರಿನವರ ಭಾಷೆಯಲ್ಲೂ ಬರೆಸಲಿ. ಸ್ಥಳೀಯ ಎಂಜಿನಿಯರುಗಳ ಜತೆ ಕೂತು ಲೆಕ್ಕ ಮಾಡಲಿ. ಲೆಕ್ಕದ ಮೂಲ ಕಡತಗಳನ್ನು ಅವರ ಕೈಗೇ ಒಪ್ಪಿಸಿ ಬರಲಿ. ಮುಂದಿನ ಲೈನಿನ ಯೋಜನೆಯನ್ನು ಅವರೇ ಮಾಡಬೇಕಾದವರು.