ಬ್ರಸೆಲ್ಸ್: ನಗರಸಭೆಯೇ, ಪ್ರದೇಶವೇ?

ಪ್ರಶ್ನೆ: ಮಗಳ ಟಿಪ್ಪಣಿ ಪುಸ್ತಕದಲ್ಲಿ ಒಂದೆಡೆ ‘ಬ್ರಸೆಲ್ಸ್ ಬೆಲ್ಜಿಯಂನ ರಾಜಧಾನಿ ನಗರ’ ಎಂದೂ ಇನ್ನೊಂದೆಡೆ ‘ಬ್ರಸೆಲ್ಸ್ ಬೆಲ್ಜಿಯಂನ ಮೂರು ಪ್ರದೇಶಗಳಲ್ಲಿ ಒಂದು’ ಎಂದೂ ಇದೆ. ಯಾವುದು ಸರಿ? ಅಲ್ಲಿ ಎರಡು ಭಾಷೆಗಳಿಗೂ ಸಮಾನ ಸ್ಥಾನವಿದೆ ಎನ್ನುತ್ತಾರೆ. ಆ ಸ್ಥಾನ ನಗರಕ್ಕೆ ಮಾತ್ರವೇ, ಇಡೀ ಪ್ರದೇಶಕ್ಕೇ? ಗಡಿನಾಡಿನವರಾದ ನಮಗೆ ಇದರಿಂದ ತಿಳಿಯಬೇಕಾದದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಎರಡೂ ಸರಿ. ಕಾಸರಗೋಡು ಎಂದರೆ ನಗರಸಭೆಯೂ ಹೌದು, ಕಾಞಂಗಾಡು, ನೀಲೇಶ್ವರ ನಗರಸಭೆಗಳನ್ನೂ ಒಳಗೊಂಡ ಜಿಲ್ಲೆಯೂ ಹೌದು ಎಂಬಂತೆ, ಅಲ್ಲಿಯೂ ಒಂದೇ ಹೆಸರಿನಲ್ಲಿ ಎರಡು ಆಡಳಿತಗಳಿವೆ. ಬೆಲ್ಜಿಯಂ ಸಂವಿಧಾನದ 194ನೆಯ ವಿಧಿಯ ಪ್ರಕಾರ ರಾಜಧಾನಿಯಾಗಿರುವುದು ‘ಬ್ರಸೆಲ್ಸ್ ನಗರ’. ಇದು ಸುಮಾರು 33 ಚದರ ಕಿಲೋಮೀಟರಿನ, ಎರಡು ಲಕ್ಷದಷ್ಟು ಜನರಿರುವ ಒಂದು ನಗರಸಭೆ. ಇದೂ ಸೇರಿ 19 ನಗರಸಭೆಗಳನ್ನು ಒಳಗೊಂಡಿರುವುದು ‘ಬ್ರಸೆಲ್ಸ್ ರಾಜಧಾನಿ ಪ್ರದೇಶ’. ಅದರ ವಿಸ್ತೀರ್ಣ ಸುಮಾರು 162 ಚದರ ಕಿಲೋಮೀಟರು, ಜನಸಂಖ್ಯೆ 12 ಲಕ್ಷಕ್ಕೂ ಮಿಕ್ಕಿದ್ದು.

ಪ್ಯಾರಿಸ್ಸಿನಂತಹ ನಗರಗಳು ಬೆಳೆಯುತ್ತ ಸುತ್ತಲಿನ ಊರುಗಳನ್ನು ತಮ್ಮೊಳಗೆ ಸೇರಿಸಿಕೊಂಡವು. ಬ್ರಸೆಲ್ಸ್ ನಗರವು ಅಷ್ಟನ್ನು ಮಾಡಲಾಗದೆ, 1921ರಲ್ಲಿ ಲಾಕೆನ್, ಹಾರೆನ್ ಮೊದಲಾದ ಉತ್ತರದ ಕೆಲವು ಊರುಗಳನ್ನಷ್ಟೇ ಸೇರಿಸಿಕೊಂಡಿತು. ಸ್ಖಾರ್‌ಬೇಕ್, ಆಂಡರ್ಲೆಕ್ಟ್, ಇಕ್ಸೆಲ್ ಮುಂತಾದವು ಬೇರೆಯಾಗಿಯೇ ಉಳಿದವು. ಇಂದಿಗೂ ಈ ಒಂದೊಂದಕ್ಕೂ ತನ್ನದೇ ಮೇಯರ್ ಮತ್ತು ಚುನಾಯಿತ ಮಂಡಳಿ ಇದೆ. ಭೂಪಟದಲ್ಲಿ ಬ್ರಸೆಲ್ಸ್ ನಗರದ ಆಕಾರವೇ ವಿಚಿತ್ರ. ದಕ್ಷಿಣದ ಕಾಡಿಗೆ ಹೋಗುವ ಹೆದ್ದಾರಿಯನ್ನು ಕಟ್ಟಲೆಂದು 1864ರಲ್ಲಿ ಅವೆನ್ಯೂ ಲೂಯೀಸ್ ಎಂಬ ರಸ್ತೆಯ ಪಟ್ಟಿಯನ್ನು ನಗರವು ತನ್ನದಾಗಿಸಿಕೊಂಡಿತು. ಇಕ್ಸೆಲ್ ಅದರಿಂದ ಎರಡು ಹೋಳಾಯಿತು. ಈಗಲೂ ಆ ರಸ್ತೆಯಲ್ಲಿ ನಡೆಯುವವರು ಬ್ರಸೆಲ್ಸ್ ನಗರದಲ್ಲಿರುತ್ತಾರೆ; ಪಕ್ಕದ ಓಣಿಗೆ ಹೊರಳಿದರೆ ಸ್ವಲ್ಪದರಲ್ಲೇ ಬೇರೆ ನಗರಸಭೆಯ ವ್ಯಾಪ್ತಿಗೆ ಬರುತ್ತಾರೆ.

ಪ್ರದೇಶವು ತನ್ನದೇ ಶಾಸನಸಭೆ ಮತ್ತು ಸರಕಾರವನ್ನು ಪಡೆದದ್ದು 1989ರಲ್ಲಿ. ಸಭೆಯ 89 ಸ್ಥಾನಗಳಲ್ಲಿ 72 ಫ್ರೆಂಚ್ ಭಾಷಿಕರಿಗೆ, 17 ಡಚ್ ಭಾಷಿಕರಿಗೆ ಮೀಸಲು. ಸಾರಿಗೆ, ವಸತಿ, ನಗರ ಯೋಜನೆ ಪ್ರದೇಶದ ಕೈಯಲ್ಲಿವೆ. ಶಾಲೆಗಳು ಬಹುಮಟ್ಟಿಗೆ ಆಯಾ ಭಾಷಾ ಸಮುದಾಯದ ಆಡಳಿತಕ್ಕೆ ಸೇರಿವೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ದ್ವಿಭಾಷಾ ಸ್ಥಾನವಿರುವುದು ನಗರಕ್ಕೆ ಮಾತ್ರವಲ್ಲ, ಪ್ರದೇಶದ 19 ನಗರಸಭೆಗಳಿಗೂ. ಬೀದಿಯ ಫಲಕದಲ್ಲಿ ಫ್ರೆಂಚ್ ಹೆಸರೂ ಡಚ್ ಹೆಸರೂ ಒಟ್ಟಿಗೆ ಇರುತ್ತವೆ. ನಗರಸಭೆಯ ಕೌಂಟರಿನಲ್ಲಿ ಯಾವ ಭಾಷೆಯಲ್ಲಿ ಅರ್ಜಿ ಕೊಟ್ಟರೂ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ಪ್ರದೇಶದ ಗಡಿ ದಾಟಿದರೆ ಸುತ್ತಲೂ ಫ್ಲಾಂಡರ್ಸ್ ಎಂಬ ಇನ್ನೊಂದು ಪ್ರದೇಶ, ಅಲ್ಲಿ ಆಡಳಿತ ಭಾಷೆ ಡಚ್ ಒಂದೇ. ಆ ಫ್ಲಾಂಡರ್ಸಿನ ಶಾಸನಸಭೆ ಮಾತ್ರ ಕೂಡುವುದು ಬ್ರಸೆಲ್ಸಿನಲ್ಲಿಯೇ!

ಗಡಿನಾಡಿನವರು ಗಮನಿಸಬೇಕಾದ ವಿಷಯ ಇಲ್ಲಿಯೇ ಇದೆ. 1932ರ ಕಾನೂನಿನ ಪ್ರಕಾರ ಜನಗಣತಿಯಲ್ಲಿ ಶೇಕಡಾ 30ರಷ್ಟು ಅಲ್ಪಸಂಖ್ಯಾತರಿದ್ದ ಊರಿನಲ್ಲಿ ಅವರ ಭಾಷೆಗೂ ಆಡಳಿತದಲ್ಲಿ ಸ್ಥಾನ ಸಿಗುತ್ತಿತ್ತು. 1947ರ ಗಣತಿಯ ಆಧಾರದಲ್ಲಿ ಮೂರು ಊರುಗಳು ದ್ವಿಭಾಷಾ ಬ್ರಸೆಲ್ಸಿಗೆ ಸೇರಿದಾಗ ಡಚ್ ಭಾಷಿಕರು ತೀವ್ರವಾಗಿ ಪ್ರತಿಭಟಿಸಿದರು. ಕೊನೆಗೆ ಗಣತಿಯಿಂದ ಭಾಷೆಯ ಪ್ರಶ್ನೆಯನ್ನೇ ಕೈಬಿಟ್ಟು, 1962–63ರ ಕಾನೂನುಗಳ ಮೂಲಕ ಭಾಷಾ ಗಡಿಯನ್ನು ಶಾಶ್ವತವಾಗಿ ಗುರುತಿಸಲಾಯಿತು. ಬ್ರಸೆಲ್ಸಿಗೆ ತಾಗಿಕೊಂಡಿದ್ದರೂ ಫ್ಲಾಂಡರ್ಸಿನೊಳಗೆ ಉಳಿದ ಲಿಂಕೆಬೇಕ್, ವೆಮ್ಮೆಲ್ ಮುಂತಾದ ಆರು ಊರುಗಳ ಫ್ರೆಂಚ್ ಭಾಷಿಕರಿಗೆ ‘ಸೌಲಭ್ಯ’ಗಳನ್ನು, ಎಂದರೆ ಆಡಳಿತದೊಂದಿಗೆ ಫ್ರೆಂಚಿನಲ್ಲಿ ವ್ಯವಹರಿಸುವ ಹಕ್ಕನ್ನು, ಕೊಡಲಾಯಿತು. ಆದರೆ ಫ್ಲಾಂಡರ್ಸ್ ಸರಕಾರದ 1997ರ ಸುತ್ತೋಲೆಯೊಂದು, ಫ್ರೆಂಚಿನಲ್ಲಿ ಕಾಗದ ಬೇಕಾದವರು ಪ್ರತಿ ಸಲವೂ ಹೊಸದಾಗಿ ಕೇಳಿಕೊಳ್ಳಬೇಕು ಎಂದಿತು. ಹಕ್ಕು ಕಾಗದದಲ್ಲಿದ್ದೂ ಪ್ರತಿ ಬಾರಿ ಬೇಡಿ ಪಡೆಯಬೇಕಾಗುವುದು ಎಷ್ಟು ಆಯಾಸದ ಕೆಲಸವೆಂದು, ಮಲಯಾಳದ ನಮೂನೆ ಹಿಡಿದು ಗ್ರಾಮ ಪಂಚಾಯತಿನಲ್ಲಿ ಕನ್ನಡದ ನಮೂನೆ ಕೇಳಿದವರಿಗೆ ವಿವರಿಸಬೇಕಾಗಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಯಾಗಲಿಲ್ಲ. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ ಅಧಿಕೃತ ಭಾಷೆಗಳ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ನಮ್ಮ ಸ್ಥಿತಿ ಬ್ರಸೆಲ್ಸ್ ಪ್ರದೇಶಕ್ಕಿಂತ ಆ ಆರು ಊರುಗಳದ್ದಕ್ಕೆ ಹೆಚ್ಚು ಹತ್ತಿರ. ಬ್ರಸೆಲ್ಸಿನ ಡಚ್ ಭಾಷಿಕರು ಸಂಖ್ಯೆಯಲ್ಲಿ ಕಡಿಮೆ. ಆದರೂ ಅವರ ಭಾಷೆ ಕಚೇರಿಯಲ್ಲಿ ಉಳಿದಿರುವುದು ಆ ಹಕ್ಕನ್ನು ಕಾನೂನು ತಲೆಯೆಣಿಕೆಗೆ ಬಿಡದೆ ಪ್ರದೇಶಕ್ಕೆ ಕಟ್ಟಿಕೊಟ್ಟಿರುವುದರಿಂದ. ಕಾಸರಗೋಡಿನ ಕನ್ನಡಿಗರು ಕೇಳಬೇಕಾದದ್ದೂ ಅಂತಹ ಭದ್ರತೆಯನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗಳು ಪರೀಕ್ಷೆಯಲ್ಲಿ ‘ರಾಜಧಾನಿ’ ಎಂದು ಬರೆಯುವಾಗ ಬ್ರಸೆಲ್ಸ್ ನಗರವನ್ನೂ, ‘ಪ್ರದೇಶ’ ಎಂದು ಬರೆಯುವಾಗ ಫ್ಲಾಂಡರ್ಸ್ ಮತ್ತು ವಲೋನಿಯದ ಜೊತೆಗೆ 19 ನಗರಸಭೆಗಳ ಬ್ರಸೆಲ್ಸ್ ರಾಜಧಾನಿ ಪ್ರದೇಶವನ್ನೂ ಹೆಸರಿಸಲಿ.