ನೈಜೀರಿಯಾದ ಎಂ.ಕೆ.ಒ. ಅಬಿಯೋಲಾ ಚುನಾವಣೆ ಗೆದ್ದರೂ ಅಧ್ಯಕ್ಷರಾಗಲಿಲ್ಲ ಯಾಕೆ?
ಸೇನೆ ಬಿಡಲಿಲ್ಲ, ಅಷ್ಟೇ.

ಅಬಿಯೋಲಾ ಹುಟ್ಟಿದ್ದು 1937ರಲ್ಲಿ, ಅಬೆಯೊಕುಟಾದಲ್ಲಿ. ಅಪ್ಪನಿಗೆ 23ನೇ ಮಗು. ಹಿಂದಿನ ಯಾವ ಮಗುವೂ ಉಳಿದಿರಲಿಲ್ಲ. ಅದಕ್ಕೇ ‘ಕಶಿಮಾವೊ’ ಅಂತ ಹೆಸರಿಟ್ಟರು, ಅಂದರೆ ‘ಕಾದು ನೋಡೋಣ’. ಒಂಬತ್ತನೇ ವಯಸ್ಸಿಗೇ ಬೆಳಗಿನ ಜಾವ ಕಾಡಿಂದ ಸೌದೆ ತಂದು ಮಾರಿ, ಆಮೇಲೆ ಶಾಲೆಗೆ ಹೋಗುತ್ತಿದ್ದ ಹುಡುಗ. ಗ್ಲಾಸ್ಗೋದಲ್ಲಿ ಅಕೌಂಟೆನ್ಸಿ ಓದಿದರು. ಐಟಿಟಿ ಎಂಬ ದೂರಸಂಪರ್ಕ ಕಂಪನಿ, ‘ಕಾನ್ಕಾರ್ಡ್’ ಪತ್ರಿಕೆ ಅಂತ ಬೆಳೆದು ದೊಡ್ಡ ಶ್ರೀಮಂತರಾದರು.

1993ರ ಜೂನ್ 12ರ ಚುನಾವಣೆಯಲ್ಲಿ ಎದುರಾಳಿಯ ಸ್ವಂತ ರಾಜ್ಯ ಕಾನೋ ಕೂಡ ಇವರಿಗೇ ಜಾಸ್ತಿ ವೋಟು ಹಾಕಿತು! ಆದರೆ ಸೇನಾ ಆಡಳಿತಗಾರ ಬಬಂಗಿಡಾ ಚುನಾವಣೆಯನ್ನೇ ರದ್ದು ಮಾಡಿದರು. ಮರುವರ್ಷ ‘ನಾನೇ ಅಧ್ಯಕ್ಷ’ ಎಂದು ಘೋಷಿಸಿದ್ದಕ್ಕೆ ಜೈಲು. 1996ರಲ್ಲಿ ಹೆಂಡತಿ ಕುದಿರಾತ್ ಅವರನ್ನು ಲಾಗೋಸ್‌ನಲ್ಲಿ ಗುಂಡಿಕ್ಕಿ ಕೊಂದರು. ಅಬಿಯೋಲಾ 1998ರ ಜುಲೈ 7ರಂದು ಬಂಧನದಲ್ಲೇ ತೀರಿಕೊಂಡರು. ಇನ್ನೇನು ಬಿಡುಗಡೆ ಆಗಬೇಕಿತ್ತು, ಎಷ್ಟು ಸಂಕಟ ಅಲ್ವಾ?