ಬೆಂಗಳೂರಿನಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ತಂದೆತಾಯಿ ಮಗುವಿಗೆ ಒಳ್ಳೆಯ ಡೇ ಕೇರ್ ಹುಡುಕುವುದು ಹೇಗೆ?

ಮೊದಲು ನಿಮ್ಮ ಕಚೇರಿಯಲ್ಲೇ ವಿಚಾರಿಸಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು ಎಂದು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಇದು ಹಕ್ಕು, ಕೇಳಲು ಸಂಕೋಚ ಬೇಡ.

ಖಾಸಗಿ ಡೇ ಕೇರ್ ಆದರೆ ಗೋಡೆಯ ಬಣ್ಣದ ಚಿತ್ರಗಳಿಗಿಂತ ಅಲ್ಲಿನ ಆಯಾಗಳನ್ನು ಗಮನಿಸಿ. ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ತಿಳಿಸದೆ ಹೋಗಿ, ಒಬ್ಬ ಆಯಾ ಎಷ್ಟು ಮಕ್ಕಳಿಗೆ ಉಣಿಸುತ್ತಿದ್ದಾರೆ, ಅನ್ನ ಬೇಡವೆಂದು ಮುಖ ತಿರುಗಿಸಿದ ಮಗುವನ್ನು ರಮಿಸುತ್ತಾರೋ ಗದರಿಸುತ್ತಾರೋ, ಮಲಗಿದ ಮಕ್ಕಳ ಬಳಿ ಯಾರಾದರೂ ಇರುತ್ತಾರೋ ಎಂಬುದನ್ನು ಕಣ್ಣಾರೆ ನೋಡಿ. ಒಳಗೆ ಬಿಡಲು ಒಪ್ಪದ ಕೇಂದ್ರ ಎಷ್ಟೇ ಹೆಸರುವಾಸಿಯಾಗಿದ್ದರೂ ಅದನ್ನು ಕೈಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆಯಾಗಳು ಪದೇ ಪದೇ ಬದಲಾಗುತ್ತಾರೆಯೇ ಎಂದು ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವ ಪೋಷಕರನ್ನು ಕೇಳಿ.

ಶಾಲೆಗೆ ಹೋಗುವ ಮಗುವಾದರೆ, ವ್ಯಾನಿನಿಂದ ಇಳಿಸಿಕೊಳ್ಳುವವರು ಯಾರು, ಹೋಂವರ್ಕ್ ಮುಗಿದ ಮೇಲೆ ಬಯಲಿನಲ್ಲಿ ಆಡಲು ಬಿಡುತ್ತಾರೆಯೇ ಎಂಬುದನ್ನು ಸೇರಿಸುವ ಮೊದಲೇ ತಿಳಿದುಕೊಳ್ಳಿ. ಕಬ್ಬನ್ ಉದ್ಯಾನದ ಬಾಲಭವನದಲ್ಲಿ ನಡೆಯುವ ಚಿತ್ರಕಲೆ, ಕರಕುಶಲ ತರಗತಿಗಳನ್ನೂ ವಿಚಾರಿಸಬಹುದು.